ಗುಳಿಗಿ ಡಾಕ್ಟರದು, ಹೊತ್ತು ನಿಮ್ಮದು

(ಬಾಗಲಕೋಟೆಯ ನವನಗರದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಓದುವ ಮಕ್ಕಳು, ಎಚ್‌ಐವಿ ಗುಳಿಗಿ ತಗೊಳ್ಳುವವರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಮೊದಲು ಈ ಡಬ್ಬಿಯ ಸದ್ದು ಕೇಳಿ. (ಡಬ್ಬಿ ಅಲ್ಲಾಡಿಸಿ ತೋರಿಸಿದೆ.) ಒಳಗೆ 30 ಗುಳಿಗಿ, ಜೊತೆಗೆ ತೇವ ಹೀರುವ ಒಂದು ಸಣ್ಣ ಪೊಟ್ಟಣ. ಬಸ್ಸಿನಲ್ಲಿ ಕೈಚೀಲದಲ್ಲಿಟ್ಟುಕೊಂಡು ಕೂತರೆ ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಗಲಗಲ ಅನ್ನುತ್ತದೆ. ಪಕ್ಕದ ಸೀಟಿನವರು ತಿರುಗಿ ನೋಡುತ್ತಾರೆ. ಅದಕ್ಕೇ ನಮ್ಮ ಕಿಟಕಿಯಿಂದ ಡಬ್ಬಿ ತಗೊಂಡ ಎಷ್ಟೋ ಮಂದಿ ಸೀದಾ ಬಸ್‌ಸ್ಟ್ಯಾಂಡಿಗೆ ಹೋಗುವುದಿಲ್ಲ. ಆಸ್ಪತ್ರೆ ಕಾಂಪೌಂಡಿನ ಬೇವಿನ ಮರದ ಕೆಳಗೆ ಕೂತು, ಉಗುರಿನಿಂದ ಲೇಬಲ್ ಕಿತ್ತು, ಮುಚ್ಚಳ ತೆಗೆದು ಒಂದು ಉಂಡೆ ಹತ್ತಿ ತುರುಕುತ್ತಾರೆ. ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಸದ್ದು ನಿಂತಿದೆ ಅಂತ ಖಾತ್ರಿಯಾದ ಮೇಲೆಯೇ ಎದ್ದು ಹೊರಡುವುದು.

ಈ ಹತ್ತಿಯ ಉಂಡೆ ಯಾವ ಔಷಧಶಾಸ್ತ್ರದ ಪುಸ್ತಕದಲ್ಲೂ ಇಲ್ಲ. ಆದರೆ ಗುಳಿಗಿ ತಪ್ಪದೆ ನುಂಗುತ್ತಾರೋ ಇಲ್ಲವೋ ಅನ್ನುವುದು ಎಷ್ಟೋ ಸಲ ಇಂಥದ್ದರಲ್ಲೇ ತೀರ್ಮಾನ ಆಗುತ್ತದೆ.

ನಾನು ಡಾಕ್ಟರ್ ಅಲ್ಲ. ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಕೇಂದ್ರದಲ್ಲಿ, ಗುಳಿಗಿ ಕೊಡುವ ಕಿಟಕಿಯ ಹಿಂದೆ ವರ್ಷಗಟ್ಟಲೆ ಕೂತ ಫಾರ್ಮಸಿಸ್ಟ್. ಎಚ್‌ಐವಿ ಬಗ್ಗೆ ಭಾಷಣ ಅಂದರೆ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಅಂತ ಹೇಳಿ ಮುಗಿಸುವುದು ರೂಢಿ. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ ಈ ಕಾಯಿಲೆ ಒಂದು ಕಾಲಕ್ಕೆ ಎಷ್ಟು ಮನೆ ಹೊಕ್ಕಿತ್ತು ಅಂತ ಇಲ್ಲಿರುವ ಆಶಾ ಅಕ್ಕಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ಕಾಯಿಲೆ ಬಂದಾಗಿದೆ, ಗುಳಿಗಿ ಶುರುವಾಗಿದೆ. ಇನ್ನು ಮುಂದೆ ಮೂವತ್ತು ನಲವತ್ತು ವರ್ಷ, ದಿನಾ ನುಂಗಬೇಕಲ್ಲ, ಅದು ಹೇಗೆ? ಇವತ್ತು ಆಡುವುದು ಆ ಮಾತು.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಯಾವ ಕೇಂದ್ರ, ಯಾವ ಊರು ಅನ್ನುವುದು ಬೇಡ.

2018ರ ಹೊತ್ತು. ಅಲ್ಲಿಯ ತನಕ ವೈರಲ್ ಲೋಡ್ ಪರೀಕ್ಷೆ ಎಲ್ಲರಿಗೂ ಇರಲಿಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸಿ ಹೇಳುವ ಪರೀಕ್ಷೆ ಅದು. ಅದಿಲ್ಲದ ಕಾಲದಲ್ಲಿ ನಾವು ಎಣಿಸುತ್ತಿದ್ದುದು ಗುಳಿಗಿಯನ್ನು. ಪ್ರತಿ ತಿಂಗಳು ಹಳೇ ಡಬ್ಬಿ ತರಬೇಕು. ನಾನು ಟ್ರೇ ಮೇಲೆ ಸುರಿದು, ಎಷ್ಟು ಉಳಿದಿರಬೇಕಿತ್ತು, ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಿದ್ದೆ. 30ರಲ್ಲಿ ಒಂದು ತಪ್ಪಿದರೆ ಶೇಕಡಾ 97. ಎರಡು ತಪ್ಪಿದರೆ 93. 95ಕ್ಕಿಂತ ಕೆಳಗೆ ಇಳಿದವರಿಗೆ ಕಿಟಕಿಯಲ್ಲೇ ಬೈಗುಳ. ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳಿಸುವಂತೆ. ಲೆಕ್ಕ ಸರಿ ಬಂದವರಿಗೆ ಶಭಾಶ್.

ಒಬ್ಬ ಅಕ್ಕ ಬರುತ್ತಿದ್ದರು. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಕೆಲಸ. ಅವರ ಡಬ್ಬಿಯ ಲೆಕ್ಕ ಒಂದು ತಿಂಗಳೂ ತಪ್ಪಿದ್ದಿಲ್ಲ. ಬೇರೆಯವರಿಗೆ ಬೈಯುವಾಗ ನಾನು ಅವರನ್ನೇ ತೋರಿಸುತ್ತಿದ್ದೆ. "ಆ ಅಕ್ಕಾರನ್ನ ನೋಡಿ ಕಲೀರಿ" ಅನ್ನುತ್ತಿದ್ದೆ. ಅವರು ಸೆರಗು ಎಳೆದುಕೊಂಡು ತಲೆ ತಗ್ಗಿಸುತ್ತಿದ್ದರು. ನಾಚಿಕೆ ಅಂದುಕೊಂಡಿದ್ದೆ. ಆಮೇಲೆ ಅವರ ಮೊದಲ ವೈರಲ್ ಲೋಡ್ ರಿಪೋರ್ಟ್ ಬಂತು. 1000ದ ಕೆಳಗಿದ್ದರೆ ಗುಳಿಗಿ ಕೆಲಸ ಮಾಡುತ್ತಿದೆ ಅಂತ ನಮ್ಮ ಲೆಕ್ಕ. ಅವರದು ಅದಕ್ಕಿಂತ ಬಹಳ ಮೇಲಿತ್ತು.

ಕೌನ್ಸೆಲರ್ ಅವರನ್ನು ಒಳಗೆ ಕೂರಿಸಿ, ಚಹಾ ತರಿಸಿ ಕೇಳಿದರು. ನನ್ನನ್ನೂ ಕರೆದರು. ಸುಮಾರು ಹೊತ್ತು ಸುಮ್ನೆ ಕೂತಿದ್ದ ಅಕ್ಕ ಕೊನೆಗೆ ನನ್ನ ಕಡೆ ನೋಡಿ ಹೇಳಿದರು: "ಅಣ್ಣಾರ, ನೀವು ಎಣಸ್ತೀರಂತ ಹೇಳಿ ಬಸ್‌ಸ್ಟ್ಯಾಂಡಿನ ಗಟಾರದಾಗ ಹಾಕಿ ಬರ್ತಿದ್ನಿರಿ."

ಮನೆಯಲ್ಲಿ ಕೂತು ತಾವೇ ಎಣಿಸಿ, ಹೆಚ್ಚಾದದ್ದನ್ನು ಎಸೆದು, ಲೆಕ್ಕ ಸರಿ ಮಾಡಿಕೊಂಡು ಬರುತ್ತಿದ್ದರು. ನಾನು ಶಭಾಶ್ ಅನ್ನುತ್ತಿದ್ದೆ.

ಯಾಕೆ ನುಂಗಲಿಲ್ಲ ಅಂದರೆ ಕಾರಣ ತೀರಾ ಸಣ್ಣದು. ಆಗ ಕೊಡುತ್ತಿದ್ದುದು ಟಿಎಲ್‌ಇ. ಟೆನೊಫೊವಿರ್, ಲಾಮಿವುಡಿನ್, ಎಫಾವಿರೆಂಜ್ ಮೂರೂ ಸೇರಿದ ಒಂದೇ ಗುಳಿಗಿ. ರಾತ್ರಿ ಮಲಗುವ ಮುಂದೆ ತಗೋಬೇಕು, ಯಾಕೆಂದರೆ ಎಫಾವಿರೆಂಜ್ ತಲೆ ತಿರುಗಿಸುತ್ತದೆ, ವಿಚಿತ್ರ ಕನಸು ತರುತ್ತದೆ. ಎಣ್ಣೆ, ತುಪ್ಪದ ಊಟ ಆದ ಮೇಲೆ ತಗೊಂಡರೆ ಔಷಧ ಇನ್ನೂ ಜಾಸ್ತಿ ರಕ್ತಕ್ಕೆ ಸೇರಿ ತಿರುಗುವುದೂ ಜಾಸ್ತಿ. ಎಂಟು ತಾಸು ನಿದ್ದೆ ಮಾಡುವವರಿಗೆ ಹೇಗೋ ನಡೆಯುತ್ತದೆ. ಈ ಅಕ್ಕ ರಾತ್ರಿ ಹತ್ತಕ್ಕೆ ಉಂಡು ಮಲಗಿ, ಮೂರೂವರೆಗೆ ಎದ್ದು ಒಲೆ ಹಚ್ಚುವವರು. ಕತ್ತಲಲ್ಲಿ ಹಂಚಿನ ಮುಂದೆ ಕೂತರೆ ಉರಿ ಎರಡೆರಡು ಕಾಣುತ್ತಿತ್ತಂತೆ. ಒಂದು ದಿನ ಅಂಗೈ ಸುಟ್ಟುಕೊಂಡರು. ಅವತ್ತಿನಿಂದ ರೊಟ್ಟಿ ಇದ್ದ ದಿನ ಗುಳಿಗಿ ಇಲ್ಲ, ರೊಟ್ಟಿ ಇಲ್ಲದ ದಿನ ಮಾತ್ರ ಗುಳಿಗಿ.

"ಎಷ್ಟು ಉಳಿದಿದೆ" ಅಂತ ತಿಂಗಳು ತಿಂಗಳು ಕೇಳಿದ ನಾನು "ನೀವು ಎಷ್ಟಕ್ಕೆ ಏಳ್ತೀರಿ" ಅಂತ ಒಂದು ಸಲವೂ ಕೇಳಿರಲಿಲ್ಲ.

ಗುಳಿಗಿ ತಪ್ಪಿದರೆ ಒಳಗೆ ಏನಾಗುತ್ತದೆ? ಜೋಳ ಹಾಲುತೆನೆ ಆದಾಗ ಮಂಚಿಕೆ ಮೇಲೆ ಕವಣಿ ಹಿಡಿದು ಹಕ್ಕಿ ಕಾಯುವುದನ್ನು ನೋಡಿದ್ದೀರಲ್ಲ. ಹೊಲಕ್ಕೆ ಮೂರು ಜನ ಕಾವಲುಗಾರರು ಅಂದುಕೊಳ್ಳಿ. ಮೂವರೂ ಕೂಗುತ್ತಿದ್ದರೆ ಹಕ್ಕಿ ಇಳಿಯುವುದಿಲ್ಲ. ಸತ್ತು ಹೋಗುವುದೂ ಇಲ್ಲ, ಬದುವಿನ ಜಾಲಿ ಗಿಡದಲ್ಲಿ ಕೂತು ಕಾಯುತ್ತಿರುತ್ತದೆ. ನಮ್ಮ ವೈರಸ್ಸೂ ಹಾಗೇ. ಗುಳಿಗಿಯಿಂದ ಪೂರ್ತಿ ಹೋಗುವುದಿಲ್ಲ, ಜೀವಕೋಶಗಳಲ್ಲಿ ಅವಿತು ಕೂತಿರುತ್ತದೆ. ಮೂವರು ಕಾವಲುಗಾರರೂ ಊಟಕ್ಕೆ ಹೋದರೆ ಹಕ್ಕಿ ಇಳಿದು ತಿನ್ನುತ್ತದೆ. ಅದು ಒಂದು ನಷ್ಟ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇಬ್ಬರು ಹೋಗಿ ಒಬ್ಬನೇ ಉಳಿದು ದೂರದಿಂದ ಸಣ್ಣ ದನಿಯಲ್ಲಿ ಕೂಗುತ್ತಿದ್ದರೆ ಹಕ್ಕಿ ಆ ದನಿಗೆ ಪಳಗಿಬಿಡುತ್ತದೆ. ಮುಂದೆ ಅವನು ಎಷ್ಟು ಕೂಗಿದರೂ ಹೆದರುವುದಿಲ್ಲ.

ಎಫಾವಿರೆಂಜ್ ನಡೆಯುತ್ತಿದ್ದ ಕಾಲದಲ್ಲಿ ಸರಿಯಾಗಿ ಇದೇ ಆಗುತ್ತಿತ್ತು. ಗುಳಿಗಿ ನಿಲ್ಲಿಸಿದರೆ ಜೊತೆಗಿದ್ದ ಎರಡು ಔಷಧಗಳು ಬೇಗ ಖಾಲಿ. ಎಫಾವಿರೆಂಜ್ ಮಾತ್ರ ದಿನಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ, ದಿನದಿನಕ್ಕೆ ಕಡಿಮೆಯಾಗುತ್ತಾ. ಒಂಟಿ ಕಾವಲುಗಾರ. ಅದರ ಮೇಲೆ ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ತಪ್ಪು ಮಾಡುತ್ತಲೇ ಇರುತ್ತದೆ. ಅಂಥ ಒಂದೇ ಒಂದು ತಪ್ಪು ಸಾಕಿತ್ತು, ಎಫಾವಿರೆಂಜ್ ಆ ವೈರಸ್ಸಿಗೆ ನಾಟುತ್ತಿರಲಿಲ್ಲ.

ಆ ಅಕ್ಕನಿಗೂ ಹಾಗೇ ಆಯಿತು. ಮೂರು ತಿಂಗಳು ಕೂರಿಸಿಕೊಂಡು ಮಾತಾಡಿ, ಗುಳಿಗಿ ಹೊತ್ತನ್ನು ಸಂಜೆ ಏಳಕ್ಕೆ, ಊಟಕ್ಕೆ ಮುಂಚೆ ತಂದೆವು. ಆಮೇಲೆ ಅವರು ಒಂದೂ ತಪ್ಪಿಸಲಿಲ್ಲ. ಆದರೆ ಮತ್ತೆ ಪರೀಕ್ಷೆ ಮಾಡಿದರೆ ವೈರಸ್ ಇಳಿದಿರಲಿಲ್ಲ. ಎರಡನೇ ಸಾಲಿನ ಔಷಧಕ್ಕೆ, ಅಂದರೆ ಮೊದಲನೆಯದು ನಾಟದಿದ್ದಾಗ ಕೊಡುವುದಕ್ಕೆ, ಹೋಗಬೇಕಾಯಿತು. ಅಟಜಾನಾವಿರ್ ಸೇರಿದ ಮಿಶ್ರಣ. ಅದಕ್ಕೆ ಉಲ್ಟಾ ನಿಯಮ: ಊಟದ ಜೊತೆಗೇ ತಗೋಬೇಕು. ಒಂದೂವರೆ ತಿಂಗಳಾದ ಮೇಲೆ ಫೋನ್ ಬಂತು. "ಅಣ್ಣಾರ, ಕಣ್ಣು ಹಳದಿ ಆಗ್ಯಾವ್ರಿ. ಓಣಿಯಾಕಿ ಕಾಮಣಿ ಔಷಧಿ ತಂದಾಳ, ಕುಡೀಲೇನ್ರಿ?" ನನಗೆ ಖುಷಿಯಾಯಿತು. ಕಣ್ಣು ಹಳದಿಯಾದದ್ದಕ್ಕಲ್ಲ, ಕುಡಿಯುವ ಮುಂಚೆ ಫೋನ್ ಮಾಡಿದ್ದಕ್ಕೆ. ಅಟಜಾನಾವಿರ್ ಕೆಲವರಲ್ಲಿ ಬಿಲಿರುಬಿನ್ ಅನ್ನುವ ರಕ್ತದ ಹಳದಿ ಅಂಶ ಏರಿಸಿ ಕಣ್ಣು ಹಳದಿ ಮಾಡುತ್ತದೆ. ಬರೀ ಅಷ್ಟೇ ಆದರೆ ಲಿವರ್ ಕೆಟ್ಟಿದೆ ಅಂತ ಅರ್ಥವಲ್ಲ. ಆದರೂ ಬಂದು ಲಿವರ್ ಪರೀಕ್ಷೆ ಮಾಡಿಸಿ ಅಂದೆ. ಸರಿಯಾಗಿತ್ತು. ಈಗ ಅವರ ರಿಪೋರ್ಟಿನಲ್ಲಿ ಟಿಎನ್‌ಡಿ ಅಂತ ಬರುತ್ತದೆ, ಅಂದರೆ ವೈರಸ್ ಯಂತ್ರದ ಕಣ್ಣಿಗೆ ಬಿದ್ದಿಲ್ಲ ಅಂತ. ಈಗಲೂ ರೊಟ್ಟಿ ಬಡಿಯುತ್ತಾರೆ.

ಹಳೇ ಕಾಲದ ಗುಳಿಗಿಗಳ ಬಗ್ಗೆ ಎರಡು ಮಾತು. ಇಲ್ಲಿರುವ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ.

1987ರಲ್ಲಿ ಮೊದಲ ಔಷಧ ಜಿಡೊವುಡಿನ್ ಅಮೆರಿಕದಲ್ಲಿ ಬಂದಾಗ ಅದನ್ನು ನಾಲ್ಕು ತಾಸಿಗೊಮ್ಮೆ ನುಂಗಬೇಕಿತ್ತು, ರಾತ್ರಿ ಅಲಾರಂ ಇಟ್ಟು ಎದ್ದು. 1996ರ ಸುಮಾರಿಗೆ ಮೂರು ಔಷಧ ಒಟ್ಟಿಗೆ ಕೊಟ್ಟರೆ ವೈರಸ್ ಅಡಗುತ್ತದೆ ಅಂತ ಗೊತ್ತಾಯಿತು. ಸಾಯುವವರು ಎದ್ದು ಕೂತರು. ಆದರೆ ಇಂಡಿನಾವಿರ್ ಅನ್ನುವ ಗುಳಿಗಿಯನ್ನು ಎಂಟು ತಾಸಿಗೊಮ್ಮೆ, ಖಾಲಿ ಹೊಟ್ಟೆಗೆ, ತಂಬಿಗೆಗಟ್ಟಲೆ ನೀರು ಕುಡಿಯುತ್ತಾ ತಗೋಬೇಕಿತ್ತು. ನೀರು ಕಡಿಮೆಯಾದರೆ ಮೂತ್ರಪಿಂಡದಲ್ಲಿ ಹರಳು. ಖರ್ಚು ವರ್ಷಕ್ಕೆ 10 ಸಾವಿರ ಡಾಲರಿಗೂ ಮೇಲೆ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಮೂರು ಔಷಧಗಳ ಮಿಶ್ರಣವನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಅಂದಾಗ ಜಗತ್ತು ದಂಗಾಯಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ 8 ಆಸ್ಪತ್ರೆಗಳಲ್ಲಿ ಪುಕ್ಕಟೆ ಗುಳಿಗಿ ಶುರು ಮಾಡಿತು.

ಆ ಪುಕ್ಕಟೆ ಗುಳಿಗಿ ಜೀವ ಉಳಿಸಿತು, ಮುಖ ತಿಂದಿತು. ಅದರಲ್ಲಿದ್ದ ಸ್ಟಾವುಡಿನ್ ಗಲ್ಲದ ಕೊಬ್ಬು ಕರಗಿಸುತ್ತಿತ್ತು. ಗಲ್ಲ ಒಳಗೆ ಹೋಗಿ, ಕೈಕಾಲಿನ ನರ ಮೇಲೆದ್ದು, ಪಾದ ಉರಿಯುತ್ತಿತ್ತು. ಊರಿನವರು ಮುಖ ನೋಡಿಯೇ ಗುರುತು ಹಿಡಿಯುವಂತಾಯಿತು. ಡಬ್ಬಿಯ ಲೇಬಲ್ ಕೀಳಬಹುದು, ಗಲ್ಲ ಏನು ಮಾಡುವುದು? ಎಷ್ಟೋ ಮಂದಿ ಬಿಟ್ಟರು. ನಾವು ಅವರ ಹೆಸರಿನ ಮುಂದೆ ಎಲ್‌ಎಫ್‌ಯು ಅಂತ ಬರೆದೆವು, ಬರುವುದು ಬಿಟ್ಟವರು ಅಂತ. ಅವರನ್ನು ಬೇಜವಾಬ್ದಾರಿ ಅಂತ ಆಡಿಕೊಂಡದ್ದೂ ಇದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸ್ಟಾವುಡಿನ್ ಬಿಡಿ ಅಂತ ಹೇಳಿತು. ಅಂದರೆ ಬಿಟ್ಟವರ ದೂರು ಸುಳ್ಳಾಗಿರಲಿಲ್ಲ, ಅಲ್ವಾ?

ಈಗಿನ ಗುಳಿಗಿಗೆ ಬರೋಣ. ಟಿಎಲ್‌ಡಿ. ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ದಿನಕ್ಕೆ ಒಂದು. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ದೊಡ್ಡವರಲ್ಲಿ ಹೆಚ್ಚಿನವರಿಗೆ ಇದೇ. ಡೊಲುಟೆಗ್ರಾವಿರ್ ಗಟ್ಟಿ ಕಾವಲುಗಾರ. ಅದರ ದನಿಗೆ ಹಕ್ಕಿ ಸುಲಭಕ್ಕೆ ಪಳಗುವುದಿಲ್ಲ. ಹಾಗಂತ ಸಡಿಲ ಬಿಡಬೇಡಿ, ಪಳಗಿದ ಉದಾಹರಣೆಗಳೂ ಇವೆ.

"ನಮಗ ಆರಿಸಾಕ ಎಲ್ಲೈತ್ರಿ, ಕೊಟ್ಟದ್ದು ನುಂಗೂದು" ಅಂತ ನೀವು ಅನ್ನಬಹುದು. ಅರ್ಧ ನಿಜ. ಯಾವ ಔಷಧ ಅನ್ನುವುದನ್ನು ಡಾಕ್ಟರ್ ನಿಮ್ಮ ರಕ್ತ, ಮೂತ್ರಪಿಂಡ, ಟಿಬಿ, ತೂಕ ನೋಡಿ ಹೇಳುತ್ತಾರೆ. ಮೂತ್ರಪಿಂಡ ಸೋತವರಿಗೆ ಟೆನೊಫೊವಿರ್ ಬದಲು ಅಬಕಾವಿರ್ ಕೊಡಬಹುದು. ಸಣ್ಣ ಮಕ್ಕಳಿಗೆ ನೀರಿನಲ್ಲಿ ಕರಗುವ 10 ಮಿಲಿಗ್ರಾಂ ಡೊಲುಟೆಗ್ರಾವಿರ್ ಇದೆ. ಆದರೆ ಅದನ್ನು ನಿಮ್ಮ ದಿನದಲ್ಲಿ ಎಲ್ಲಿ ಕೂರಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಟಿಎಲ್‌ಡಿಯ ದೊಡ್ಡ ಗುಣ ಅಂದರೆ ಅದು ಎಲ್ಲಿ ಬೇಕಾದರೂ ಕೂರುತ್ತದೆ. ಬೆಳಿಗ್ಗೆ ಆಗಬಹುದು, ರಾತ್ರಿ ಆಗಬಹುದು. ಉಂಡು ಆಗಬಹುದು, ಉಣ್ಣದೆ ಆಗಬಹುದು.

ಆದರೆ ನಮ್ಮ ಜನ ಇದನ್ನು ನಂಬುವುದಿಲ್ಲ. ಹಳೇ ಎಫಾವಿರೆಂಜ್ ನಿಯಮವನ್ನೇ ಹಿಡಿದುಕೊಂಡು ರಾತ್ರಿ ಒಂಬತ್ತಕ್ಕೇ ನುಂಗುತ್ತಾರೆ. ಕೆಲವರಿಗೆ ಡೊಲುಟೆಗ್ರಾವಿರ್ ನಿದ್ದೆ ಕೆಡಿಸುತ್ತದೆ. ರಾತ್ರಿ ಎರಡರ ತನಕ ಹೊರಳಾಡುತ್ತಾರೆ, ಬೆಳಿಗ್ಗೆ ಗುಳಿಗಿಯನ್ನು ಬೈಯುತ್ತಾರೆ. ಬೆಳಗಿನ ಚಹಾಕ್ಕೆ ಬದಲಾಯಿಸಿದರೆ ಎಷ್ಟೋ ಮಂದಿಗೆ ಸರಿಹೋಗುತ್ತದೆ. ಇನ್ನು ಉಷ್ಣದ ಗುಳಿಗಿ, ಹಾಲು ತತ್ತಿ ಇಲ್ಲದೆ ನುಂಗಿದರೆ ಕರುಳು ಸುಡುತ್ತದೆ ಅನ್ನುವ ಮಾತು. ಹಾಲಿಗೆ ದುಡ್ಡಿಲ್ಲದ ದಿನ ಗುಳಿಗಿಯೂ ಇಲ್ಲ! ಒಣ ರೊಟ್ಟಿ, ಶೇಂಗಾ ಹಿಂಡಿ ತಿಂದರೂ ಗುಳಿಗಿ ತನ್ನ ಕೆಲಸ ಮಾಡುತ್ತದೆ. ಏನೂ ತಿನ್ನದಿದ್ದರೂ ಮಾಡುತ್ತದೆ. ಸೋಮವಾರದ ಉಪವಾಸ, ಏಕಾದಶಿ ಇದ್ದವರು ಒಂದು ಗುಟುಕು ನೀರಿನಲ್ಲಿ ನುಂಗಬಹುದು. ವಿಜಯಪುರದ ಕಡೆಯಿಂದ ಬರುವ ನಮ್ಮ ಮುಸ್ಲಿಂ ಅಣ್ಣತಮ್ಮಂದಿರು ರಂಜಾನ್ ತಿಂಗಳು ಬಂದರೆ ಚಿಂತೆ ಮಾಡುತ್ತಾರೆ. ದಿನಕ್ಕೆ ಒಂದೇ ಗುಳಿಗಿ, ರೋಜಾ ಬಿಟ್ಟ ಮೇಲೆ ಇಲ್ಲವೇ ಸಹರಿಯಲ್ಲಿ ತಗೊಂಡರೆ ಆಯಿತು.

ಕುಡಿಯುವವರ ವಿಷಯ. ಇದನ್ನು ಹೇಳಿದರೆ ಕೆಲವು ಡಾಕ್ಟರು ಮುಖ ಸಿಂಡರಿಸುತ್ತಾರೆ, ಆದರೂ ಹೇಳುತ್ತೇನೆ. "ಕುಡಿದಾಗ ಗುಳಿಗಿ ನುಂಗಬಾರದು" ಅಂತ ಯಾರೋ ಹೇಳಿರುತ್ತಾರೆ. ಇವರು ಎರಡರಲ್ಲಿ ಒಂದನ್ನು ಬಿಡುತ್ತಾರೆ. ಯಾವುದನ್ನು ಬಿಡುತ್ತಾರೆ ಅಂತ ನಿಮಗೆ ಗೊತ್ತು. ಕುಡಿಯುವುದು ಬಿಟ್ಟರೆ ಬಹಳ ಒಳ್ಳೆಯದು. ಬಿಡಲು ಆಗದ ದಿನವೂ ಗುಳಿಗಿ ಮಾತ್ರ ತಪ್ಪಿಸಬೇಡಿ. ಬೆಳಿಗ್ಗೆಯೇ ನುಂಗಿಬಿಟ್ಟರೆ ಈ ಜಗಳವೇ ಇಲ್ಲ.

ಟಿಎಲ್‌ಡಿಗೆ ಶತ್ರುಗಳೇ ಇಲ್ಲ ಅಂತಲ್ಲ. ಆಶಾ ಅಕ್ಕಂದಿರು ಇದನ್ನು ಬರೆದುಕೊಳ್ಳಿ, ಯಾಕೆಂದರೆ ಅರ್ಧ ನಿಮ್ಮ ಚೀಲದಲ್ಲೇ ಇದೆ. ಕಬ್ಬಿಣದ ಗುಳಿಗಿ, ಕ್ಯಾಲ್ಸಿಯಂ ಗುಳಿಗಿ. ಖಾಲಿ ಹೊಟ್ಟೆಯಲ್ಲಿ ಇವು ಡೊಲುಟೆಗ್ರಾವಿರ್ ಜೊತೆ ಸೇರಿದರೆ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿಬಿಡುತ್ತವೆ, ರಕ್ತಕ್ಕೆ ಹೋಗುವುದೇ ಕಡಿಮೆ. ಬಸುರಿಯರಿಗೆ ಎರಡೂ ಬೇಕಲ್ಲ. ಊಟದ ಜೊತೆ ಒಟ್ಟಿಗೆ ತಗೊಂಡರೆ ತೊಂದರೆ ಇಲ್ಲ. ಇಲ್ಲದಿದ್ದರೆ ಟಿಎಲ್‌ಡಿ ಮೊದಲು, ಎರಡು ತಾಸು ಬಿಟ್ಟು ಕಬ್ಬಿಣ. ಕಬ್ಬಿಣ ಮೊದಲು ತಗೊಂಡಿದ್ದರೆ ಆರು ತಾಸು ಕಾಯಬೇಕು. ಎದೆ ಉರಿಗೆ ಕುಡಿಯುವ ಗುಲಾಬಿ, ಬಿಳಿ ಸಿರಪ್‌ಗಳಿಗೂ ಇದೇ ಎರಡು ತಾಸು, ಆರು ತಾಸಿನ ಲೆಕ್ಕ. ಅವುಗಳಿಗೆ ಊಟದ ರಿಯಾಯಿತಿ ಇಲ್ಲ. ನಮ್ಮ ಖಾರದ ಊಟಕ್ಕೆ ಈ ಸಿರಪ್ ಇಲ್ಲದ ಮನೆ ಕಡಿಮೆ.

ಟಿಬಿ ಬಂದು ರಿಫಾಂಪಿಸಿನ್ ಶುರುವಾದರೆ ಅದು ಡೊಲುಟೆಗ್ರಾವಿರನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಅದಕ್ಕೇ 12 ತಾಸಿನ ನಂತರ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಕೊಡುತ್ತಾರೆ. ಈ ಎರಡನೇ ಗುಳಿಗಿಯನ್ನು ಜನ "ಶಕ್ತಿ ಗುಳಿಗಿ" ಅಂದುಕೊಂಡು ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು. ಟಿಎಲ್‌ಡಿ ಜೊತೆ ಅದರ ಪ್ರಮಾಣ ರಕ್ತದಲ್ಲಿ ಏರುತ್ತದೆ, ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಫಿಟ್ಸ್ ಗುಳಿಗಿಗಳಲ್ಲಿ ಕೆಲವು ಇದಕ್ಕೆ ಆಗುವುದಿಲ್ಲ. ತೂಕ ಏರುವುದೂ ಇದೆ. ಮೊದಮೊದಲು ಎಲ್ಲರಿಗೂ ಖುಷಿ, "ಮೈ ಹಿಡಿತು" ಅನ್ನುತ್ತಾರೆ. ಎರಡು ವರ್ಷಕ್ಕೆ ಕುಪ್ಪಸ ಬಿಗಿಯಾದಾಗ ಬಂದು ಕೇಳುತ್ತಾರೆ. ಅದನ್ನೂ ಹೇಳಿ, ಮುಚ್ಚಿಡಬೇಡಿ.

ಈಗ ನನಗೆ ಇಷ್ಟದ ಮಾತು, ನೆನಪಿಡುವುದು ಹೇಗೆ? ಎಲ್ಲರೂ ಮೊಬೈಲ್ ಅಲಾರಂ ಅನ್ನುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಒಂದು, ಅತ್ತೆ ಕೇಳುತ್ತಾಳೆ, "ದಿನಾ ಇದ್ಯಾಕ ಹೊಡಕೋತೈತಿ?" ಎರಡು, ಅಲಾರಂ ಹೊಡೆದಾಗ ಕೈ ಹಿಟ್ಟಿನಲ್ಲಿರುತ್ತದೆ. ಆಮೇಲೆ ನೋಡೋಣ ಅಂತ ಆರಿಸಿದರೆ ಮುಗಿಯಿತು. ಗುಳಿಗಿಯನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ನೀವು ಹೇಗೂ ತಪ್ಪಿಸದ ಒಂದು ಕೆಲಸಕ್ಕೆ ಕಟ್ಟಿ. ಗುಳೇದಗುಡ್ಡದ ಕಡೆಯ ಒಬ್ಬ ನೇಕಾರರು ಬೆಳಿಗ್ಗೆ ಮಗ್ಗಕ್ಕೆ ಕೈಮುಗಿದು ಊದಿನಕಡ್ಡಿ ಹಚ್ಚುತ್ತಾರೆ. ಊದಿನಕಡ್ಡಿ ಪಾಕೀಟಿನ ಪಕ್ಕದಲ್ಲೇ ಅವರ ಡಬ್ಬಿ. ಕಡ್ಡಿ ಹಚ್ಚಿದ ಕೈಯಲ್ಲೇ ಗುಳಿಗಿ. ವರ್ಷಗಳಾದವು, ಅವರು ಅಲಾರಂ ಇಟ್ಟಿಲ್ಲ. ಒಬ್ಬ ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಜೊತೆ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಎರಡೇ ಗುಳಿಗಿ. ಮಗಳ ಊರಿನಲ್ಲಿ ಒಂದು ರಾತ್ರಿ ಉಳಿಯಬೇಕಾದರೆ ಇರಲಿ ಅಂತ.

ತಪ್ಪಿದರೆ? ತಪ್ಪುತ್ತದೆ. ನೆನಪಾದ ಕೂಡಲೇ ನುಂಗಿ. ಮುಂದಿನ ಗುಳಿಗಿಗೆ ನಾಲ್ಕು ತಾಸೂ ಉಳಿದಿಲ್ಲ ಅಂದರೆ ಹೋದದ್ದು ಹೋಯಿತು, ಮುಂದಿನದನ್ನು ಅದರ ಹೊತ್ತಿಗೆ ತಗೊಳ್ಳಿ. ಸಾಲ ತೀರಿಸುವವರ ಹಾಗೆ ಎರಡು ಒಟ್ಟಿಗೆ ನುಂಗಬೇಡಿ. ಡಬ್ಬಿಯಲ್ಲಿ ಉಳಿದರೆ ಉಳಿದದ್ದನ್ನು ತನ್ನಿ. ಗಟಾರಕ್ಕೆ ಹಾಕಬೇಡಿ. ನಾನು ಈಗ ಬೈಯುವುದಿಲ್ಲ.

ದುಡಿಯಲು ಹೋಗುವವರ ಮಾತು ಬೇರೆ. ದೀಪಾವಳಿ ಆಸುಪಾಸಿನಲ್ಲಿ ಕಬ್ಬಿನ ಗ್ಯಾಂಗುಗಳು ಕೊಲ್ಹಾಪುರ, ಸಾಂಗ್ಲಿ ಕಡೆ ಹೊರಡುತ್ತವೆ. ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರಿದ್ದಾರೆ. ಗುಳಿಗಿ ಬಿಡುವುದು ಹೆಚ್ಚಾಗಿ ಆಗಲೇ. ಮುಕಾದಮನಿಗೆ ರಜೆ ಕೇಳಿದರೆ ಯಾಕೆ ಅನ್ನುತ್ತಾನೆ. ನಾಲ್ಕು ತಿಂಗಳು ಹೋಗುವವರು ಹೋಗುವ ಹಿಂದಿನ ದಿನ ನಮ್ಮ ಬಳಿ ಓಡಿ ಬರುತ್ತಾರೆ, ಅದೂ ಭಾನುವಾರ! ಮುಂಗಡ ಹಣ ತಗೊಂಡ ದಿನವೇ ಬಂದು ಹೇಳಿ. ಆರೋಗ್ಯ ಸ್ಥಿರ ಇರುವವರಿಗೆ ಮೂರು ತಿಂಗಳ ಗುಳಿಗಿ ಒಟ್ಟಿಗೆ ಕೊಡುವ ವ್ಯವಸ್ಥೆ ಇದೆ. ಅದಕ್ಕೂ ಮೀರಿದರೆ ನಿಮ್ಮ ಚಿಕಿತ್ಸೆಯ ವಿವರ ಬರೆದ ಹಸಿರು ಪುಸ್ತಕ ಜೊತೆಗೆ ಒಯ್ಯಿರಿ. ಅದನ್ನು ತೋರಿಸಿ ದೇಶದ ಬೇರೆ ಎಆರ್‌ಟಿ ಕೇಂದ್ರದಲ್ಲೂ ಗುಳಿಗಿ ತಗೋಬಹುದು. ಟ್ರಾನ್ಸಿಟ್ ಅನ್ನುತ್ತೇವೆ. ಊರಲ್ಲೇ ಇರುವವರು ದೂರ ಅನ್ನಿಸಿದರೆ ತಾಲ್ಲೂಕಿನ ಲಿಂಕ್ ಎಆರ್‌ಟಿ ಕೇಂದ್ರಕ್ಕೆ ಬರೆಸಿಕೊಳ್ಳಬಹುದು. ಇನ್ನು ಕೆಲವರು ಉಲ್ಟಾ. ತಾಲ್ಲೂಕಿನಲ್ಲಿ ಗುರುತಿನವರು ಸಿಗುತ್ತಾರೆ ಅಂತ ಬೇಕಂತಲೇ ಪಕ್ಕದ ಜಿಲ್ಲೆಗೆ ಬರುತ್ತಾರೆ. ಅದೂ ತಪ್ಪಲ್ಲ. ಬಸ್ ಚಾರ್ಜು ಕೊಟ್ಟು ನೆಮ್ಮದಿ ಕೊಳ್ಳುತ್ತಾರೆ, ಕೊಳ್ಳಲಿ.

ಗುಟ್ಟಿನ ಬಗ್ಗೆ ಒಂದೇ ಮಾತು. 2017ರಲ್ಲಿ ಆದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರು ನಿಮ್ಮ ವಿಷಯ ಊರಿಗೆ ಹೇಳುವಂತಿಲ್ಲ, ಕಾಯಿಲೆಯ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಎಚ್‌ಐವಿ ಸಹಾಯವಾಣಿ 1097ಕ್ಕೆ ಪುಕ್ಕಟೆ ಫೋನ್ ಮಾಡಿ ಕೇಳಬಹುದು. ಆದರೂ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಗುಳಿಗಿ ಕಡಿಮೆ ತಪ್ಪುತ್ತದೆ ಅನ್ನುವುದು ಕಿಟಕಿಯ ಹಿಂದೆ ಕೂತು ನಾನು ಕಂಡದ್ದು. ಯಾರಿಗೆ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಗಂಡ ಹೆಂಡತಿ ನಡುವೆ ಹೆದರಿಕೆ ಇದ್ದರೆ ಇದನ್ನೂ ತಿಳಿದಿರಿ: ತಪ್ಪದೆ ಗುಳಿಗಿ ತಗೊಂಡು ವೈರಸ್ ಪತ್ತೆಯಾಗದಷ್ಟು ಇಳಿದು, ಹಾಗೇ ಉಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಅದು ದಾಟುವುದಿಲ್ಲ. ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ನೋಡಿ ಹೇಳಿದ ಮಾತಿದು.

ಸಭೆಯಲ್ಲಿ ಒಬ್ಬ ಹುಡುಗ ಇಂಜೆಕ್ಷನ್ ಬಗ್ಗೆ ಕೇಳಿದ. ಎರಡು ತಿಂಗಳಿಗೊಮ್ಮೆ ಚುಚ್ಚುವ ಕ್ಯಾಬೊಟೆಗ್ರಾವಿರ್, ರಿಲ್ಪಿವಿರಿನ್ ಜೋಡಿ ಇರುವುದು ನಿಜ. ಅಮೆರಿಕದಲ್ಲಿ 2021ರಿಂದ ಇದೆ, ಮೊದಲು ತಿಂಗಳಿಗೊಮ್ಮೆ ಇತ್ತು. ಡಬ್ಬಿ ಇಲ್ಲ, ಗಲಗಲ ಇಲ್ಲ. ಆದರೆ ಸೂಜಿಯ ದಿನ ತಪ್ಪಿದರೆ ಔಷಧ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ರಕ್ತದಲ್ಲಿ ಉಳಿಯುತ್ತದೆ. ಮತ್ತೆ ಅದೇ ಒಂಟಿ ಕಾವಲುಗಾರ. ಬಂದಾಗ ನೋಡೋಣ, ಈಗ ಕೈಯಲ್ಲಿರುವುದು ಗುಳಿಗಿ.

ಎಲ್ಲ ಮುಗಿದು ಚಹಾ ಕುಡಿಯುವಾಗ ಒಬ್ಬ ಹಿರಿಯರು ಬಂದು ಪಕ್ಕದಲ್ಲಿ ನಿಂತರು. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ ಶುರು ಮಾಡಿದರು.

"ಸಾಹೇಬ್ರ, ನನಗ ರಾತ್ರಿ ಒಂಬತ್ತಕ್ಕ ತಗೋ ಅಂದಾರ್ರಿ. ತ್ರೀಫೇಸ್ ಕರೆಂಟ್ ಒಂದ್ ವಾರ ಹಗಲಿ, ಒಂದ್ ವಾರ ರಾತ್ರಿ. ರಾತ್ರಿ ಪಾಳಿ ಇದ್ದಾಗ ಹೊಲದಾಗ ನೀರ ಹಾಯಸ್ಕೋತ ಇರ್ತೀನಿ, ಗುಳಿಗಿ ಮನ್ಯಾಗ. ಬೆಳಗಾದ ಮ್ಯಾಲ ತಗೊಂಡ್ರ ತಪ್ಪಾಕ್ಕೈತೇನೋ ಅಂತ ಬಿಟ್ಟಬಿಡ್ತೀನ್ರಿ."

"ಎಷ್ಟು ದಿನ ಬಿಡ್ತೀರಿ ಕಾಕಾ?"

"ಕರೆಂಟ್ ಇದ್ದಷ್ಟ್ ದಿನಾ."

ತಿಂಗಳಲ್ಲಿ ಎರಡು ವಾರ ಅಂದ ಹಾಗಾಯಿತು. ಬೈಯಬೇಕು ಅನ್ನಿಸಿತು. ಸುಮ್ಮನಿದ್ದೆ. ಹಗಲು ಪಾಳಿ ಇರಲಿ, ರಾತ್ರಿ ಪಾಳಿ ಇರಲಿ, ದಿನಾ ಒಂದೇ ಹೊತ್ತಿಗೆ ಮನೆಯಲ್ಲಿದ್ದು ಮಾಡುವ ಕೆಲಸ ಏನಾದರೂ ಇದೆಯಾ ಅಂತ ಕೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಎಮ್ಮಿ ಹಿಂಡೂದ್ರಿ. ಮುಂಜಾನೆ ಆರಕ್ಕ. ನಾ ಮಲಗಿದ್ರೂ ಅದು ಬಿಡಂಗಿಲ್ಲ, ಒದರಾಕ ಹತ್ತತೈತಿ."

"ಡಾಕ್ಟರನ್ನ ಒಂದು ಮಾತು ಕೇಳಿ ಮುಂಜಾನೆಗೇ ಬದಲಿ ಮಾಡೋಣು" ಅಂದೆ. ಈ ವರ್ಷದ ವೈರಲ್ ಲೋಡ್ ಆಗಿಲ್ಲ ಅಂದರು. ನಾಳೆಯೇ ಬಂದು ರಕ್ತ ಕೊಡಲು ಹೇಳಿದೆ. ಅವರ ಹಸಿರು ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ "ರಾತ್ರಿ 9" ಅಂತ ಇತ್ತು. ಅದರ ಪಕ್ಕ ಡಾಕ್ಟರಿಗೆ ತೋರಿಸಲು ಗೆರೆ ಹಾಕಿ "ಎಮ್ಮೆ ಹೊತ್ತು?" ಅಂತ ಬರೆದೆ. ಅವರು ಓದಿಸಿಕೊಂಡು ಕೇಳಿ, ನಕ್ಕು, ಪುಸ್ತಕವನ್ನು ಅಂಗಿಯ ಒಳಜೇಬಿಗೆ ಇಳಿಸಿದರು.